ನಾಲ್ಕನೇ ಸ್ವರದ ಕೀಲು

"ಅದನ್ನ ಕೆಳಗಿಡಿ!"

ಸಫಿನಾಜ್ ಅಂಗಡಿಯ ಹೊಸ್ತಿಲಲ್ಲೇ ನಿಂತು ಕೂಗಿದಳು. ಅವಳ ಕನೂನ್ ಎಂಬ ತಂತಿವಾದ್ಯವನ್ನು ಬೋರಲಾಗಿ ಹಿಡಿದು, ಕಲ್ಲಂಗಡಿ ಕೊಳ್ಳುವವನಂತೆ ಬೆನ್ನು ತಟ್ಟುತ್ತಿದ್ದ ಆ ಯುವಕ ತಲೆಯನ್ನೂ ಎತ್ತಲಿಲ್ಲ.

"ಪಕ್ಕದಲ್ಲಿ ಹತ್ತು ನಿಮಿಷ ಮಾತಾಡಿ ಬರೋಷ್ಟರಲ್ಲಿ ಹೀಗಾ? ನಮ್ಮಪ್ಪನ ವಾದ್ಯ ಅದು, ಉಸ್ತಾ."

"ಅಪ್ಪನದಾದ್ರೂ ಧೂಳು ಧೂಳೇ ಅಲ್ವಾ, ಮೇಡಂ?"

"ಮೇಡಂ ಅನ್ನಬೇಡಿ. ಅದು ಮದುವೆಯಾದೋರಿಗೆ. ನಂಗೆ ಮದುವೆ ಆಗಿಲ್ಲ."

ಈಗ ಅವನು ತಲೆ ಎತ್ತಿದ. ನೋಡಿದ. ಕನೂನನ್ನು ಮೆಲ್ಲಗೆ ಮೇಜಿನ ಮೇಲೆ ಅಂಗಾತ ಮಲಗಿಸಿದ.

"ತಪ್ಪಾಯ್ತು, ಆನಿಸಾ," ಎಂದ, ಮದುವೆಯಾಗದವರನ್ನು ಕರೆಯುವ ರೀತಿಯಲ್ಲಿ. "ಏನು ತೊಂದರೆ ಇದಕ್ಕೆ?"

ಕೈರೋದ ಮುಹಮ್ಮದ್ ಅಲಿ ಬೀದಿಯಲ್ಲಿ ಹಿಲ್ಮಿಯನ್ನು ಅರಿಯದ ವಾದ್ಯಗಾರರಿರಲಿಲ್ಲ. ಒಡೆದದ್ದನ್ನು ಕೂಡಿಸುವ ಕೈ ಅವನದು, ಅದಕ್ಕೇ ಎಲ್ಲರಿಗೂ ಅವನು 'ಉಸ್ತಾ', ಅಂದರೆ ಮೇಸ್ತ್ರಿ. ಆದರೆ ಈ ಮನುಷ್ಯನ ಕಣ್ಣುಗಳು ಇಷ್ಟು ಕಪ್ಪಗಿವೆ ಎಂದು ಸಫಿನಾಜ್‌ಗೆ ಯಾರೂ ಹೇಳಿರಲಿಲ್ಲ. ಸಿಟ್ಟು ಇಳಿಯದಂತೆ ಅವಳು ಗಟ್ಟಿಯಾಗಿ ಹಿಡಿದುಕೊಂಡಳು.

"ನಾಲ್ಕನೇ ಸ್ವರದ ಕೀಲು ಸಡಿಲ ಆಗಿದೆ. ಬಯಾತಿ ನುಡಿಸ್ತಾ ಇದ್ರೆ ತಾನಾಗೇ ಕೆಳಗೆ ಬಿದ್ದು ಸಬಾ ಆಗಿಬಿಡತ್ತೆ. ಮೊನ್ನೆ ಮದುವೆ ಮನೇಲಿ ಮದುಮಗನ ತಾಯಿ ಗೊಳೋ ಅಂತ ಅತ್ರು."

ಬಯಾತಿ ಮದುವೆ ಮನೆಯ ರಾಗ, ಸಬಾ ಕಣ್ಣೀರಿನ ರಾಗ. ಎರಡರ ನಡುವೆ ಇರುವುದು ಒಂದೇ ಸ್ವರದ ಅಂತರ. ತಂತಿಯ ಕೆಳಗಿನ ಹಿತ್ತಾಳೆಯ ಕೀಲು ಎದ್ದರೆ ಬಯಾತಿ, ಮಲಗಿದರೆ ಸಬಾ.

ಹಿಲ್ಮಿ ನಕ್ಕ. "ಮಗನ ಮದುವೇಲಿ ತಾಯಿ ಅಳದೆ ಇನ್ಯಾರು ಅಳ್ತಾರೆ? ಪಾಪ, ತಂತಿ ಏನು ಮಾಡತ್ತೆ? ಸ್ವರಕ್ಕೆ ಸುಖ ದುಃಖ ಇಲ್ಲ, ಆನಿಸಾ. ಪಾಪ ಪುಣ್ಯಾನೂ ಇಲ್ಲ. ಅದು ನೀರಿದ್ದ ಹಾಗೆ. ಕುಡಿಯೋರ ಬಾಯಲ್ಲಿರತ್ತೆ ರುಚಿ."

"ನಮ್ಮಪ್ಪ ಸಾವಾದ ಮನೆ ಇರೋ ಬೀದೀಲಿ ಕನೂನ್ ಮೇಲಿನ ಬಟ್ಟೇನೂ ತೆಗೀತಿರಲಿಲ್ಲ. ಅಭ್ಯಾಸಕ್ಕೂ ಇಲ್ಲ. ಸ್ವರದಲ್ಲಿ ಏನೂ ಇಲ್ಲದಿದ್ರೆ ಯಾಕೆ ತೆಗೀಬಾರ್ದಾಗಿತ್ತು?"

ಅವನ ನಗು ಸ್ವಲ್ಪ ಮಾಸಿತು. ತಲೆ ಬಗ್ಗಿಸಿ ಕೀಲು ಬಿಚ್ಚತೊಡಗಿದ.

ರಿಪೇರಿ ಮುಗಿದ ಮೇಲೆ ಏಳು ಸ್ವರಗಳನ್ನು ಹತ್ತಿಸಿ ಇಳಿಸಿದ. ಏಳು ವರ್ಷದಿಂದ ಯಾರ ವಾದ್ಯವೇ ಇರಲಿ, ಹಿಲ್ಮಿಯ ಪರೀಕ್ಷೆ ಅದೊಂದೇ. ಅದಕ್ಕೆ ಉಪ್ಪೂ ಇಲ್ಲ, ಖಾರವೂ ಇಲ್ಲ. ಆ ಸದ್ದು ಕೇಳಿದರೆ ಸಾಕು, 'ಯಾರದ್ದೋ ಕೆಲಸ ಮುಗೀತು' ಎಂದು ಎದುರಿನ ಕಾಫಿ ಅಂಗಡಿಯಲ್ಲಿ ಡೊಮಿನೊ ಆಡುವವರೂ ಹೇಳುತ್ತಿದ್ದರು.

'ಕಲ್ಲು ಮನುಷ್ಯ,' ಎಂದುಕೊಂಡಳು ಸಫಿನಾಜ್.

ಆದರೂ ಮುಂದಿನ ವಾರ ಮತ್ತೆ ಹೋದಳು!

ತಂತಿ ಸಡಿಲ ಎಂದಳು. ಆಮೇಲೆ ತಂತಿಗಳನ್ನು ಹೊರುವ ಕುದುರೆಯ ಕೆಳಗಿನ ಮೀನಿನ ಚರ್ಮ ಒಣಗಿದೆ ಎಂದಳು. ತಂತಿ ಮೀಟಲು ಬೆರಳಿಗೆ ಹಾಕುವ ಉಂಗುರ ಬಿಗಿ ಎಂದಳು, ಅದರ ಮುಂದಿನ ವಾರ ಅದೇ ಉಂಗುರ ದೊಗಳೆ ಎಂದಳು. ಹಿಲ್ಮಿ ಒಮ್ಮೆಯೂ ಯಾಕೆ ಎಂದು ಕೇಳಲಿಲ್ಲ. ಅನ್ನ ಬೇಳೆ ಬೆರೆಸಿದ ಕೊಶರಿ ತರಿಸಿದಾಗ ಮೇಲಿನ ಕರಿದ ಈರುಳ್ಳಿಯನ್ನೆಲ್ಲ ಚಮಚದಿಂದ ಅವಳ ಕಡೆಗೆ ಸರಿಸುತ್ತಿದ್ದ.

"ನಿಮಗೆ ಈರುಳ್ಳಿ ಸೇರಲ್ವಾ?" ಎಂದು ಕೇಳಿದಳು ಒಂದು ದಿನ.

"ಸೇರತ್ತೆ."

ಅಷ್ಟೇ. ಆಮೇಲೆ ಏಳು ಸ್ವರ, ಹತ್ತಿ ಇಳಿದು, ವಾದ್ಯ ಅವಳ ಕೈಗೆ. ಮನೆಗೆ ಹೋಗುವಾಗ ಬಸ್ಸಿನಲ್ಲಿ ಅವಳು ಯೋಚಿಸುತ್ತಿದ್ದಳು... ಆ ಈರುಳ್ಳಿಗೆ ಏನಾದರೂ ಅರ್ಥ ಇದೆಯೋ, ಅದೂ ಅವನ ಸ್ವರದ ಹಾಗೆಯೋ?

"ನಿಮ್ಮಪ್ಪನ ಕಾಲದಲ್ಲಿ ಈ ಕನೂನಿಗೆ ಒಂದು ನೆಗಡೀನೂ ಬರ್ತಿರಲಿಲ್ಲ," ಎಂದರು ದೊಡ್ಡಮ್ಮ ತವ್ಹೀದಾ. ಸಫಿನಾಜ್ ಮತ್ತು ಅವಳ ತಂಗಿಯನ್ನು ಸಾಕಿದವರು ಅವರೇ, ಅವರ ಹೆಂಗಸರ ವಾದ್ಯ ತಂಡದ ಯಜಮಾನಿಯೂ ಅವರೇ. "ಈಗ ವಾರಕ್ಕೊಂದು ಕಾಯಿಲೆ. ಕಾಯಿಲೆ ವಾದ್ಯಕ್ಕೋ, ನುಡಿಸೋಳಿಗೋ?"

"ದೊಡ್ಡಮ್ಮಾ, ಸುಮ್ನಿರಿ."

ಆರನೇ ವಾರ ಕೊಟ್ಟದ್ದು ನಿಜವಾದ ಕಾರಣ. ನಾಲ್ಕನೇ ಕೀಲು ಮತ್ತೆ ಸಡಿಲವಾಗಿತ್ತು.

"ಬುಧವಾರಕ್ಕೆ ಬೇಕೇ ಬೇಕು, ಉಸ್ತಾ. ಶುಕ್ರವಾರ ನಮ್ಮನೇಲಿ ನಿಶ್ಚಿತಾರ್ಥ."

ಹಿಲ್ಮಿಯ ಕೈಯಲ್ಲಿದ್ದ ಸಣ್ಣ ಇಕ್ಕಳ ನಿಂತಿತು.

"ಮಬ್ರೂಕ್, ಶುಭವಾಗ್ಲಿ," ಎಂದ. ಧ್ವನಿ ಮಾತ್ರ ಯಾಕೋ ಒಣಗಿತ್ತು. ಸಫಿನಾಜ್‌ಗೆ ಸಿಹಿತಿಂಡಿಯ ಅಂಗಡಿಗೆ ಹೋಗುವ ಅವಸರ. ಗಮನಿಸಲಿಲ್ಲ.

ಬುಧವಾರ ಮಧ್ಯಾಹ್ನ ಅವಳು ಬೀದಿಯ ತಿರುವಿಗೆ ಬಂದಾಗ ಡೊಮಿನೊ ಆಟ ನಿಂತುಹೋಗಿತ್ತು. ಎದುರಂಗಡಿಯವನು ಕದಕ್ಕೆ ಒರಗಿ ಕಣ್ಣು ಮುಚ್ಚಿಕೊಂಡಿದ್ದ. ಹಿಲ್ಮಿಯ ಅಂಗಡಿಯಿಂದ ಏಳು ಸ್ವರ ಕೇಳಿಸುತ್ತಿರಲಿಲ್ಲ.

ಕೇಳಿಸುತ್ತಿದ್ದದ್ದು ಸಬಾ. ಅವಳ ಅಪ್ಪನ ಕನೂನಿನಲ್ಲಿ!

ಶುಭಕಾರ್ಯಕ್ಕೆ ಎರಡು ದಿನ ಮುಂಚೆ, ಶುಭಕಾರ್ಯಕ್ಕೆ ಹೋಗುವ ವಾದ್ಯದ ಮೇಲೆ ಸಾವಿನ ಮನೆಯ ರಾಗ. ನನ್ನ ಮಾತನ್ನು ಸುಳ್ಳು ಮಾಡಿ ತೋರಿಸುವುದಕ್ಕೆ ಇಷ್ಟು ದೂರ ಹೋಗಬೇಕಿತ್ತೇ ಇವನು?

"ಯಾಕೆ ಹೀಗೆ ಮಾಡಿದ್ರಿ?"

ಅವನು ಬೆಚ್ಚಿ ಕೈ ತೆಗೆದ. "ಕೀಲು... ಕೀಲು ಪರೀಕ್ಷೆ ಮಾಡ್ತಿದ್ದೆ. ಸ್ವರದಲ್ಲಿ ಏನೂ ಇಲ್ಲ, ಆನಿ..."

"ಸುಳ್ಳು. ನಮ್ಮನೆ ಸಂತೋಷ ನಿಮಗೆ ತಮಾಷೆಯಾಯ್ತು."

ಕನೂನನ್ನು ಎದೆಗವಚಿಕೊಂಡು ಹೊರಟಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತಳು. ಆರು ವಾರದ ಈರುಳ್ಳಿ ಈಗ ಕಣ್ಣು ಉರಿಸಿತು.

ದೊಡ್ಡಮ್ಮ ಎಲ್ಲವನ್ನೂ ಕೇಳಿಸಿಕೊಂಡರು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು.

"ಏಳು ವರ್ಷದಿಂದ ಒಂದೇ ಪರೀಕ್ಷೆ ಮಾಡೋನು ಅವತ್ತು ಮಾತ್ರ ಯಾಕೆ ಬದಲಾಯಿಸ್ದ?"

"ನನ್ನ ಅಣಕಿಸೋಕೆ."

"ಹೂಂ," ಎಂದರು ದೊಡ್ಡಮ್ಮ. ಆ 'ಹೂಂ'ನಲ್ಲಿ ಏನೋ ನಗು ಇತ್ತು. "ನನ್ನ ತಂಡದ ನಿಯಮ ಗೊತ್ತಲ್ಲ. ಅತ್ತ ವಾದ್ಯ ಹಾಗೇ ಮದುವೆ ಮನೆಗೆ ಬರೋ ಹಾಗಿಲ್ಲ. ಅಳಿಸಿದೋನೇ ಬಂದು ನಗಿಸ್ಬೇಕು. ನಾನೇ ಹೋಗಿ ಕರೀತೀನಿ."

"ಬೇಡ! ಅವನ ಮುಖ ನೋಡಲ್ಲ ನಾನು."

"ನೋಡ್ಬೇಡ. ಕೇಳಿಸ್ಕೋ ಸಾಕು."

ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜು ಮುಗಿಯುತ್ತಿದ್ದಂತೆ ಮನೆ ತುಂಬಿತು. ಕೆಂಪು ಶರಬತ್ತು, ನಾಲಿಗೆ ಹೊರಳಿಸಿ ಹಾಕುವ ಹೆಂಗಸರ ಶುಭದ ಉಲಿ, ಮೆಟ್ಟಿಲ ಮೇಲೆಲ್ಲ ಚಪ್ಪಲಿ. ಹಿಲ್ಮಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಒಂದು ತಟ್ಟೆ ರವೆಯ ಸಿಹಿ ಬಸ್ಬೂಸಾ ಹಿಡಿದು ಬಂದ. ತಗ್ಗಿಸಿದ ತಲೆ ಎತ್ತಲಿಲ್ಲ. ಕೊಟ್ಟ ಕುರ್ಚಿಯಲ್ಲಿ ಕೂತು, ಕನೂನನ್ನು ತೊಡೆಯ ಮೇಲಿಟ್ಟುಕೊಂಡ.

ಸಫಿನಾಜ್ ಅಡುಗೆಮನೆಯ ಬಾಗಿಲ ಮರೆಯಲ್ಲಿದ್ದಳು. ಎರಡು ದಿನದಲ್ಲಿ ಮನುಷ್ಯ ಇಷ್ಟು ಇಳಿಯುತ್ತಾನೆಯೇ? ಅವಳ ಸಿಟ್ಟಿನ ಒಂದು ಮೂಲೆ ಕರಗಿತು.

"ಬಯಾತಿ, ಉಸ್ತಾ," ಎಂದರು ದೊಡ್ಡಮ್ಮ. "ನೀರಿದ್ದ ಹಾಗೆ ಅಂತೀಯಂತಲ್ಲ. ಹರಿಸು ನೋಡೋಣ."

ಅವನು ಮೀಟಿದ. ಮೊದಲನೆಯ ಸ್ವರ, ಎರಡನೆಯದು, ಮೂರನೆಯದು... ನಾಲ್ಕನೆಯದಕ್ಕೆ ಬಂದಾಗ ಕೀಲು ಮಲಗಿಯೇ ಇತ್ತು. ಎಬ್ಬಿಸಬೇಕಾದ ಎಡಗೈ ಏಳಲಿಲ್ಲ. ಇನ್ನೊಮ್ಮೆ ಮೊದಲಿಂದ ಶುರು ಮಾಡಿದ. ಮತ್ತೆ ಅಲ್ಲೇ ನಿಂತ.

ಎರಡೂ ಕೈಗಳನ್ನು ತಂತಿಗಳಿಂದ ತೆಗೆದ.

"ಆಗ್ತಿಲ್ಲ, ಅಮ್ಮಾ," ಎಂದ ಹಿಲ್ಮಿ, ತಂತಿಗಳನ್ನೇ ನೋಡುತ್ತಾ. "ನಾನು ಹೇಳ್ತಿದ್ದದ್ದೆಲ್ಲ ಸುಳ್ಳು. ಕೈ ಮನಸ್ಸಿನ ಮಾತೇ ಕೇಳತ್ತೆ. ಆನಿಸಾ ಸಫಿನಾಜ್‌ಗೆ ಬೇರೆಯವರು ಉಂಗುರ ಹಾಕೋ ಮನೇಲಿ ನನ್ನ ಕೈಗೆ ಬಯಾತಿ ಬರಲ್ಲ. ಕ್ಷಮಿಸಿ. ಅವರು ಚೆನ್ನಾಗಿರ್ಲಿ."

ಸಫಿನಾಜ್ ಕೈಯಲ್ಲಿದ್ದ ಶರಬತ್ತಿನ ಲೋಟವನ್ನು ಕೆಳಗಿಟ್ಟಳು. ಹಾಗಾದರೆ ಬುಧವಾರ... ಆ ಸಬಾ... ಅಣಕವಲ್ಲ. ಅಳು! ಕಲ್ಲು ಮನುಷ್ಯನ ಅಳು!

ಮೊದಲು ನಕ್ಕವಳು ಅವಳ ತಂಗಿ ಸುಹೇರ್. ಗುಲಾಬಿ ಉಡುಪಿನಲ್ಲಿ ಎದ್ದು ನಿಂತು, ತನ್ನ ಹುಡುಗನ ಪಕ್ಕದಿಂದ ಕೈ ಚಾಚಿ ತೋರಿಸಿದಳು.

"ಉಸ್ತಾ, ಸ್ವಲ್ಪ ತಲೆ ಎತ್ತಿ. ಉಂಗುರ ಇಲ್ಲಿದೆ. ನಿಶ್ಚಿತಾರ್ಥ ನಂದು!"

ಹಿಲ್ಮಿ ತಲೆ ಎತ್ತಿದ. ಗುಲಾಬಿ ಉಡುಪನ್ನು ನೋಡಿದ. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ, ಕೊರಳಿಗೆ ಅಡುಗೆಯ ಬಟ್ಟೆ ಕಟ್ಟಿಕೊಂಡು, ಅಳುತ್ತಲೂ ನಗುತ್ತಲೂ ನಿಂತಿದ್ದವಳನ್ನು ನೋಡಿದ.

ಟಕ್.

ಕೀಲು ಎದ್ದಿತು. ಈ ಸಲ ಬಂದದ್ದು ಬಯಾತಿ! ಒಂದೇ ಸ್ವರ ಬದಲಾಗಿತ್ತು, ಇಡೀ ಮನೆ ಬದಲಾಯಿತು. ಹೆಂಗಸರ ಉಲಿ ಕೆಳಗಿನ ಬೀದಿಗೂ ಕೇಳಿಸಿತು. ದೊಡ್ಡಮ್ಮ ಡೋಲು ಎತ್ತಿಕೊಂಡು ಸಫಿನಾಜ್ ಕಡೆ ನೋಡಿ, "ಕಾಯಿಲೆ ಯಾರಿಗೆ ಅಂತ ಈಗ ಗೊತ್ತಾಯ್ತು," ಎಂದರು.

ಊಟದ ಹೊತ್ತಿಗೆ ಇಬ್ಬರೂ ಬಾಲ್ಕನಿಯಲ್ಲಿ ಸಿಕ್ಕರು.

"ಏಳು ವರ್ಷದ ಹಿಂದೆ ಅಮ್ಮ ತೀರಿಕೊಂಡ್ರು," ಎಂದ ಅವನು. "ನಾಲ್ಕನೇ ದಿನ ಒಂದು ಮದುವೇಲಿ ನುಡಿಸ್ಬೇಕಾಯ್ತು. ನುಡಿಸಿದೆ. ಎಲ್ಲರೂ ಕುಣಿದ್ರು. ನನ್ನೊಳಗೆ ಏನಿದೆ ಅಂತ ಒಬ್ಬರಿಗೂ ಗೊತ್ತಾಗ್ಲಿಲ್ಲ. ಅವತ್ತೇ ಅಂದ್ಕೊಂಡೆ, ಸ್ವರದಲ್ಲಿ ಏನೂ ಇರಲ್ಲ ಅಂತ."

ಸಫಿನಾಜ್ ಅವನ ಕಡೆಗೆ ತಿರುಗಿದಳು.

"ಅವತ್ತು ನಿಮ್ಮ ಸ್ವರ ಕೇಳೋರು ಅಲ್ಲಿ ಇರಲಿಲ್ಲ, ಅಷ್ಟೇ. ಬುಧವಾರ ನಾನು ಕೇಳಿದ್ನಲ್ಲ... ಅರ್ಥ ಮಾಡ್ಕೊಳ್ಳೋದು ಎರಡು ದಿನ ತಡ ಆಯ್ತು."

"ಆ ಕೀಲು ಇನ್ನು ಸಡಿಲ ಆಗಲ್ಲ, ಆನಿಸಾ. ಗಟ್ಟಿ ಮಾಡಿದ್ದೀನಿ."

"ಅಯ್ಯೋ. ಹಾಗಾದ್ರೆ ನಿಮ್ಮಂಗಡಿಗೆ ಯಾವ ನೆಪದಲ್ಲಿ ಬರ್ಲಿ?"

ಹಿಲ್ಮಿ ತಟ್ಟೆಯಲ್ಲಿದ್ದ ಬಸ್ಬೂಸಾದ ಬಾದಾಮಿ ಇದ್ದ ಭಾಗವನ್ನು ಅವಳ ಕಡೆಗೆ ಸರಿಸಿದ.

"ನಾಳೆ ನಾನೇ ಬರ್ತೀನಿ. ದೊಡ್ಡಮ್ಮನ ಹತ್ರ ಮಾತಾಡೋಕೆ. ಆದ್ರೆ ಒಂದು ಕೇಳ್ಬೇಕು..."

"ಕೇಳಿ."

"ಇನ್ನು ಸ್ವಲ್ಪ ದಿನ ಆದ್ಮೇಲೆ ನಿಮ್ಮನ್ನ ಮೇಡಂ ಅಂದ್ರೆ ಸಿಟ್ಟು ಮಾಡ್ಕೊಳ್ಳಲ್ಲ ತಾನೇ?"

ಸಫಿನಾಜ್ ಬಾದಾಮಿಯನ್ನು ಬಾಯಿಗೆ ಹಾಕಿಕೊಂಡಳು.

"ಅಂದು ನೋಡಿ," ಎಂದಳು.