ಅಕ್ಕನ ಎಡಗೈ

ತಪ್ಪು ಪಟ್ಟಿಯದೋ, ಅಕ್ಕನ ಕೈಯದೋ? ಚಿನ್ಮಯನಿಗೆ ಬಗೆಹರಿಯಲಿಲ್ಲ. ಮೈಗೆ ಕಟ್ಟುವ ಆ ಪಟ್ಟಿ ಅವನೇ ಕಂಡುಹಿಡಿದದ್ದು. ಹನ್ನೊಂದು ವರ್ಷಗಳಲ್ಲಿ ಅದು ಯಾರ ಮೈಮೇಲೂ ಹೀಗೆ ಸೋತಿರಲಿಲ್ಲ.

ಹುಬ್ಬಳ್ಳಿಯ ತರಬೇತಿ ಕೋಣೆಯ ನಡುವೆ ಅಕ್ಕ ಪಲ್ಲವಿ ನಿಂತಿದ್ದಳು. ಕೊರಳಿಗೊಂದು, ತೋಳುಗಳಿಗೆರಡು ಬೆಚ್ಚುಪಟ್ಟಿ. ಬಲಗಡೆಯ ಗೋಡೆಯಿಂದ ಯಂತ್ರದ ತೋಳು ಹೇಳದೆ ಕೇಳದೆ ಸ್ಪಂಜಿನ ದೊಣ್ಣೆ ಬೀಸಿತು. ಅದು ನೇರವಾಗಿ ಅವಳ ಹುಬ್ಬಿಗೆ ಬಡಿಯಿತು.

"ಐದನೇ ಸಲ, ಸರ," ಎಂದಳು ಸಹಾಯಕಿ ಫರ್ಹಾನಾ.

"ಎಣಸಬ್ಯಾಡವಾ, ತಲಿ ನಂದು," ಎಂದು ಪಲ್ಲವಿ ನಕ್ಕಳು.

ಪೆಟ್ಟು ಬರುವಾಗ ಮೈ ಬೆಚ್ಚುತ್ತದೆ. ಮನಸ್ಸಿಗೆ ಸುದ್ದಿ ಮುಟ್ಟುವ ಮೊದಲೇ ಕಣ್ಣು ಮುಚ್ಚಿ, ಕೈಗಳು ಮುಖದ ಮುಂದೆ ಏಳುತ್ತವೆ. ವರ್ಷಗಟ್ಟಲೆ ಕರಾಟೆ ಕಲಿತವರೂ ಗಾಬರಿಯಲ್ಲಿ ಪಟ್ಟುಗಳನ್ನು ಮರೆತಾರು, ಬೆಚ್ಚುವುದನ್ನು ಯಾರೂ ಮರೆಯುವುದಿಲ್ಲ. ಚಿನ್ಮಯನ ಪಟ್ಟಿ ಹೊಸ ಪಟ್ಟು ಕಲಿಸುತ್ತಿರಲಿಲ್ಲ. ಬೆಚ್ಚಿ ಎದ್ದ ಕೈಯ ಸ್ನಾಯುಗಳಿಗೆ ಇರುವೆ ಕಚ್ಚಿದಷ್ಟು ವಿದ್ಯುತ್ತು ಹಾಯಿಸಿ, ಅದೇ ಕೈಯನ್ನು ತುಸು ಹೊರಳಿಸಿ ಗುರಾಣಿ ಮಾಡುತ್ತಿತ್ತು. ಆರು ದಿನ ಸಾಕು. ಆಮೇಲೆ ಪಟ್ಟಿಯ ಹಂಗಿಲ್ಲ.

ಈ ವರ್ಷ, ೨೦೬೧ರಲ್ಲಿ, ತುರ್ತು ವಾರ್ಡಿನ ನರ್ಸುಗಳಿಗೆ ಈ ತರಬೇತಿ ಹೊಸದಾಗಿ ಕಡ್ಡಾಯವಾಗಿತ್ತು. ಹೋದ ತಿಂಗಳು ರೋಗಿಯ ಕಡೆಯವನೊಬ್ಬ ಸಲೈನ್ ಸ್ಟ್ಯಾಂಡಿನಿಂದ ಹೊಡೆದಿದ್ದರಿಂದ ಪಲ್ಲವಿಯ ಬಲಹುಬ್ಬಿಗೆ ಏಳು ಹೊಲಿಗೆ ಬಿದ್ದಿದ್ದವು. ಇನ್ನೊಮ್ಮೆ ಅಲ್ಲೇ ಪೆಟ್ಟು ಬಿದ್ದರೆ ಕಣ್ಣು ಉಳಿಯುವುದಿಲ್ಲ ಎಂದಿದ್ದರು ಡಾಕ್ಟರು.

"ಎಲ್ಲಾರ ಕೈ ಮ್ಯಾಲ ಏಳ್ತಾವು. ನಿಂದ್ಯಾಕ ಕೆಳಗ ಹೊಂಟೈತಿ, ಅಕ್ಕಾ?"

"ನನಗೇನ್ ಕೇಳ್ತಿ? ಊರಿಗೆಲ್ಲ ನಾ ಸಿಸ್ಟರು, ನಿನಗೊಬ್ಬಂಗ ಅಕ್ಕ. ಮೊದಲ ನಿನ್ನ ಮಷೀನಿಗೆ ಮರ್ಯಾದಿ ಕಲಸು."

ಫರ್ಹಾನಾ ಪರದೆಯಿಂದ ತಲೆ ಎತ್ತಿದಳು. "ಇದು ಹುಟ್ಟಿನಿಂದ ಬಂದದ್ದಲ್ರೀ ಸರ. ಇವರ ಕೈಗೆ ಯಾರೋ ಮೊದಲ ಕಲಿಸ್ಯಾರ."

ಚಿನ್ಮಯ ಚಿತ್ರವನ್ನು ನಿಧಾನವಾಗಿ ಓಡಿಸಿ ನೋಡಿದ. ದೊಣ್ಣೆ ಬರುತ್ತಲೇ ಅಕ್ಕ ಎಡಕ್ಕೆ ಬಾಗುತ್ತಾಳೆ. ಎಡಗೈ ನೆಲದಿಂದ ಮೂರಡಿ ಎತ್ತರದಲ್ಲಿ ಗಾಳಿಯನ್ನು ತಬ್ಬಿ ಎಳೆದುಕೊಳ್ಳುತ್ತದೆ. ಅಂಗೈ ದುಂಡಗೆ ಬಾಗಿದೆ, ಒಂದು ಸಣ್ಣ ತಲೆಯ ಅಳತೆಗೆ.

ಅವನ ಕಿವಿಗೆ ಆ ಅಂಗೈ ಗೊತ್ತಿತ್ತು. ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರಿಗೂ ಗೋಡೆಗೂ ನಡುವಿನ ಸಂದಿ. ಅಪ್ಪನ ಕೈಯಲ್ಲಿ ಮೊಬೈಲ್ ಚಾರ್ಜರಿನ ವೈರು. ಅಕ್ಕನಿಗೆ ಹತ್ತು ವರ್ಷ, ಅವನಿಗೆ ಐದು. ಆ ಕೈಯ ಕೆಳಗೆ ಅವನಿಗೆ ಒಂದು ಪೆಟ್ಟೂ ಬಿದ್ದಿರಲಿಲ್ಲ.

ಪರದೆಯ ಮೇಲೆ ಕೆಂಪು ಅಕ್ಷರ: ದೋಷ. ಆತ್ಮರಕ್ಷಣೆ ಎನ್ನುವಲ್ಲಿ ಆತ್ಮವೆಂದರೆ ಅವರವರ ಮೈ ಎಂದು ನಂಬಿಯೇ ಅವನು ಯಂತ್ರ ಕಟ್ಟಿದ್ದ.

"ಸಣ್ಣಾಕಿ ಇದ್ದಾಗಿಂದು ಏನರ ನೆನಪೈತೇನು ಅಕ್ಕಾ?"

"ನಿನ್ನೆ ಉಂಡದ್ದ ನೆನಪಿಲ್ಲ ನನಗ. ಲಗೂನ ಮುಗಸೋ, ಡ್ಯೂಟಿಗೆ ಹೊತ್ತಾತು."

"ಕೈ ಕಲ್ತ ಹಳೇದನ್ನ ಪಟ್ಟಿಲೆ ಅಳಸಲೇನ್ರೀ ಸರ?" ಫರ್ಹಾನಾ ಕೇಳಿದಳು.

ಅವನು ಅಕ್ಕನ ಹುಬ್ಬಿನ ಹೊಲಿಗೆಯ ಗುರುತು ನೋಡಿದ. "ನಾನ ಅಳಸ್ತೀನಿ," ಎಂದ.

ಆರನೆಯ ದಿನ ದೊಣ್ಣೆ ಬೀಸಿದಾಗ ಪಲ್ಲವಿಯ ಎರಡೂ ಕೈ ಮೇಲೆದ್ದು ಅದನ್ನು ತಡೆದವು. ಎಡಗೈ ಒಂದಿಷ್ಟೂ ಕೆಳಗೆ ಹೋಗಲಿಲ್ಲ. "ಈಗ ಹೊಡೀರಿ ನೋಡೂಣು!" ಎಂದು ಅವಳು ಗೋಡೆಗೇ ಸವಾಲು ಹಾಕಿದಳು. ಫರ್ಹಾನಾ ಚಪ್ಪಾಳೆ ತಟ್ಟಿದಳು.

ಅಳಿಸಿದ ಚಲನೆಯ ವಿವರವನ್ನು ದಾಖಲೆಯಲ್ಲಿ ತುಂಬುವುದು ನಿಯಮ. 'ಕಲಿತ ವರ್ಷ' ಎಂಬಲ್ಲಿ ಚಿನ್ಮಯ ೨೦೨೬ ಎಂದು ಬರೆದ. 'ಕಲಿಸಿದವರು' ಎಂಬಲ್ಲಿ ಏನೂ ಬರೆಯಲಿಲ್ಲ.

ಆ ಎಡಗೈ ಯಾರನ್ನು ಹುಡುಕುತ್ತಿತ್ತು ಎಂದು ಅವನು ಅಕ್ಕನಿಗೆ ಕೊನೆಗೂ ಹೇಳಲಿಲ್ಲ.