ಎರಡು ಸಲ ಎಳೆದ ಬೀಗ

ಸೋಮವಾರ ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ ದೂರೊಂದು ಠಾಣೆಯ ಗೇಟಿನವರೆಗೆ ಬಂದು ಅಲ್ಲಿಯೇ ನಿಂತುಬಿಟ್ಟಿತು. ದೂರು ಕೊಡಬೇಕಾದ ಹೆಂಗಸು ಒಳಗೆ ಬರಲು ತಯಾರಿರಲಿಲ್ಲ. ಮಗಳು ಕೈ ಹಿಡಿದು ಎಳೆದರೂ ಮೆಟ್ಟಿಲು ಹತ್ತಲಿಲ್ಲ. ರವಿಕೆಯ ತೋಳಿಗೆ ಸಿಕ್ಕಿಸಿಕೊಂಡಿದ್ದ ಸೂಜಿಯನ್ನು ತೆಗೆಯುವುದು, ಮತ್ತೆ ಅಲ್ಲಿಯೇ ಸಿಕ್ಕಿಸುವುದು, ಇಷ್ಟೇ ಮಾಡುತ್ತಾ ನಿಂತಿದ್ದಳು.

"ಯಾರ್ರೀ ಅದು?" ಕಿಟಕಿಯಿಂದ ನೋಡಿದ ಇನ್ಸ್‌ಪೆಕ್ಟರ್ ಮೇಡಂ ದಫೇದಾರನನ್ನು ಕೇಳಿದರು.

ದಫೇದಾರನ ಮೀಸೆ ಆ ಠಾಣೆಯ ಹವಾಮಾನ ವರದಿ. ತುದಿ ಮೇಲಿದ್ದರೆ ಎಲ್ಲ ಸುಗಮ ಎಂದರ್ಥ. ಈಗ ಅದು ಇಳಿದು ತುಟಿಯ ಮೇಲೆ ಮಲಗಿತ್ತು.

"ಹೊಲಿಗೆಯಮ್ಮ, ಮೇಡಂ. ಆ ಹುಡುಗನ ತಾಯಿ."

ಆ ಹುಡುಗ ಎಂದರೆ ಸಾಕು, ಠಾಣೆಯಲ್ಲಿ ಎಲ್ಲರೂ ತಲೆ ತಗ್ಗಿಸುತ್ತಿದ್ದರು. ಮೊಬೈಲ್ ರಿಪೇರಿ ಮಾಡಿಕೊಂಡಿದ್ದ ಇಪ್ಪತ್ತರ ಹುಡುಗ. ಎರಡು ತಿಂಗಳ ಹಿಂದೆ ಕಳ್ಳತನದ ಗುಮಾನಿಯ ಮೇಲೆ ಕರೆತಂದಿದ್ದರು. ಅದೇ ದಿನ ಮಧ್ಯಾಹ್ನ ಲಾಕಪ್ಪಿನಲ್ಲಿ ಸತ್ತುಹೋದ. ಬರುವಾಗಲೇ ತಲೆಗೆ ಪೆಟ್ಟಾಗಿತ್ತು ಎಂದು ಠಾಣೆ ಹೇಳಿತು. ಇಲ್ಲಿಯೇ ಹೊಡೆದಿದ್ದಾರೆ ಎಂದು ತಾಯಿ ಹೇಳಿದಳು. ಹಿಂದಿನ ಇನ್ಸ್‌ಪೆಕ್ಟರ್ ಅಮಾನತಾದರು, ಅವರ ಕುರ್ಚಿಗೆ ಈ ಮೇಡಂ ಬಂದರು. ಬರುವ ಗುರುವಾರ ಪೊಲೀಸ್ ದೂರು ಪ್ರಾಧಿಕಾರದ ಮುಂದೆ ವಿಚಾರಣೆ. ತಾಯಿ ಬಂದು ಹೇಳಿಕೆ ಕೊಡದಿದ್ದರೆ ಪ್ರಕರಣ ಅಲ್ಲಿಗೇ ತಣ್ಣಗಾಗುತ್ತಿತ್ತು. ಹಾಗಾಗಲಿ ಎಂದು ಕಾಯುತ್ತಿದ್ದವರು ಇಲಾಖೆಯಲ್ಲಿ ಕಡಿಮೆ ಇರಲಿಲ್ಲ.

ಮೇಡಂ ತಾವೇ ಎರಡು ಕುರ್ಚಿ ಹೊತ್ತು ಹೊರಗೆ ಹೋದರು. ಜೀಪು ನಿಲ್ಲಿಸುವ ಶೆಡ್ಡಿನ ಕೆಳಗೆ ದೂರು ಬರೆಸಿಕೊಳ್ಳಲು ಕೂತರು.

"ಹೇಳಿ ಅಮ್ಮ."

"ನಾನು ಕೇಸು ವಾಪಸ್ ತಗೋತೀನಿ. ಅಷ್ಟೇ ಹೇಳೋಕೆ ಬಂದೆ."

"ಅಮ್ಮಾ, ಸುಮ್ನಿರು!" ಮಗಳು ಗದರಿದಳು. "ಅದಲ್ಲ ಮೇಡಂ. ಮಧ್ಯಾಹ್ನ ಯಾರೋ ಮನೆಗೆ ಬರ್ತಾರೆ. ನಾನು ಕೆಲಸಕ್ಕೆ ಹೋಗಿರ್ತೀನಿ. ಇವಳೊಬ್ಬಳೇ ಇರ್ತಾಳೆ."

"ಬಂದು ಏನ್ಮಾಡ್ತಾರೆ?"

ತಾಯಿ ಸೂಜಿಯನ್ನು ನೋಡುತ್ತಲೇ ಮಾತಾಡಿದಳು. "ಮಗ ಹೋದ್ಮೇಲೆ ಮುಂದಿನ ಗ್ರಿಲ್ಲಿಗೆ ಬೀಗ ಹಾಕ್ಕೊಂಡು, ಮರದ ಬಾಗಿಲನ್ನೂ ಮುಚ್ಕೊಂಡು ಒಳಗೆ ಹೊಲೀತಾ ಕೂತಿರ್ತೀನಿ. ಹೋದ ವಾರದಿಂದ, ಎರಡು ಗಂಟೆ ಹೊಡೆಯೋ ಹೊತ್ತಿಗೆ ಆ ಬೀಗ ಎಳೀತಾರೆ. ಎರಡು ಸಲ. ಟಣ್, ಟಣ್. ಆಮೇಲೆ ಹೋಗ್ತಾರೆ. ಮೂರು ಗಂಟೆಗೆ ಮತ್ತೆ ಬರ್ತಾರೆ."

"ಮುಖ ನೋಡಿದ್ರಾ?"

"ಬಾಗಿಲ ಸಂದೀಲಿ ಕೈ ನೋಡಿದೆ. ಗಂಡಸಿನ ಕೈ. ಉಗುರು ನೀಟಾಗಿ ಕತ್ತರಿಸಿತ್ತು."

"ಮಾತಾಡಿದ್ನಾ?"

"ನಿನ್ನೆ ಕೇಳಿದ. 'ಇದ್ದೀಯಾ?' ಅಂತ."

ಸಾಕ್ಷಿಯನ್ನು ಹೆದರಿಸುವವರನ್ನು ಮೇಡಂ ಬೇಕಾದಷ್ಟು ನೋಡಿದ್ದರು. ಕಿರುಚುವವರು, ಕಲ್ಲು ಎಸೆಯುವವರು, ಬೈಕ್ ತಂದು ಮನೆಯ ಮುಂದೆ ರೊಂಯ್ಯೆನಿಸುವವರು. ಹಾಡುಹಗಲಲ್ಲಿ ಬಂದು, ಬೀಗ ಎಳೆದು, ಒಂದೇ ಮಾತು ಕೇಳಿ ಹೋಗುವವನನ್ನು ನೋಡಿರಲಿಲ್ಲ.

"ಮೇಡಂ, ಸದ್ಯಕ್ಕೆ ಅರ್ಜಿ ಅಂತ ತಗೊಂಡಿರೋಣ," ದಫೇದಾರ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ.

"ಎಫ್‌ಐಆರ್ ಹಾಕಿ. ಒಂದು ಪ್ರತಿ ಈ ಹುಡುಗಿ ಕೈಗೆ ಕೊಡಿ."

ಹನ್ನೆರಡು ಗಂಟೆಗೆ ಸ್ಥಳ ಪಂಚನಾಮೆ. ಪಂಚರಾಗಿ ಎದುರಿನ ಜೆರಾಕ್ಸ್ ಅಂಗಡಿಯವನು ಮತ್ತು ಪಕ್ಕದ ಮನೆಯ ನರ್ಸಮ್ಮ ಬಂದರು. ಗ್ರಿಲ್ಲಿಗೆ ಹಿತ್ತಾಳೆಯ ಬೀಗವಿತ್ತು. ಸರಳುಗಳ ನಡುವೆ ಕೈ ತೂರಿಸಿದರೆ ಸುಲಭವಾಗಿ ಸಿಗುತ್ತಿತ್ತು. ಪುಡಿ ಎರಚಿ ನೋಡಿದರೆ ಬೆರಳ ಗುರುತುಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗಿದ್ದವು. ಬೀಗಕ್ಕೆ ಒಂದು ಗೀರೂ ಆಗಿರಲಿಲ್ಲ. ಮುರಿಯುವ ಮನಸ್ಸು ಬಂದವನಿಗೆ ಇರಲಿಲ್ಲ ಎಂಬುದು ಅಷ್ಟರಿಂದಲೇ ತಿಳಿಯುತ್ತಿತ್ತು.

ಜೆರಾಕ್ಸ್ ಅಂಗಡಿಯ ಕ್ಯಾಮೆರಾ ತನ್ನ ಬಾಗಿಲ ಜೊತೆ ಈ ಮನೆಯ ಮೂಲೆಯನ್ನೂ ಕಾಯುತ್ತಿತ್ತು. ಮೇಡಂ, ದಫೇದಾರ ಇಬ್ಬರೂ ಅಂಗಡಿಯ ಒಳಗೆ ಮೊಣಕೈ ತಾಗಿಸಿಕೊಂಡು ನಿಂತು ಭಾನುವಾರದ ದೃಶ್ಯ ನೋಡಿದರು. ಸೈಕಲ್ ಬಂತು. ಸವಾರ ಇಳಿದು ಕೊಡೆ ಬಿಚ್ಚಿದ. ಮುಖ ಕೊಡೆಯ ಮರೆಯಲ್ಲಿತ್ತು. ಅವನು ಅತ್ತ ಇತ್ತ ನೋಡಲೇ ಇಲ್ಲ. ನೆಟ್ಟಗೆ ಹೋಗಿ ಬೀಗ ಹಿಡಿದು ಒಮ್ಮೆ ಎಳೆದ, ಬಿಟ್ಟ, ಮತ್ತೊಮ್ಮೆ ಎಳೆದ. ಆಮೇಲೆ ಬಾಗಿಲಿಗೆ ಬೆನ್ನು ಮಾಡಿ, ಕಾಲು ಅಗಲಿಸಿ, ಎದೆ ಸೆಟೆಸಿ ಒಂದು ಗಳಿಗೆ ನಿಂತ.

"ಇನ್ನೊಂದ್ಸಲ ಹಾಕಿ," ಎಂದರು ಮೇಡಂ.

ಆ ಎಳೆತ ಅವರಿಗೆ ಗೊತ್ತಿತ್ತು. ಒಮ್ಮೆ ಎಳೆದಾಗ ಅರ್ಧ ಸಿಕ್ಕಿಕೊಂಡ ಬೀಗವೂ ಬಿದ್ದ ಹಾಗೆಯೇ ನಟಿಸುತ್ತದೆ, ಎರಡನೆಯ ಸಲಕ್ಕೆ ಬಾಯಿ ಬಿಡುತ್ತದೆ ಎಂದು ತರಬೇತಿಯಲ್ಲಿ ಅವರಿಗೂ ಹೇಳಿಕೊಟ್ಟಿದ್ದರು. ಬೀಟಿನವರು ಅಂಗಡಿಗಳ ಬೀಗ ನೋಡುವುದು ಹಾಗೆ. ಪಾರಾದವರು, ಅಂದರೆ ಕಾವಲಿಗೆ ನಿಂತವರು, ಲಾಕಪ್ಪಿನ ಬೀಗ ನೋಡುವುದೂ ಹಾಗೆಯೇ. ನೋಡಿ, ಬೆನ್ನು ತಿರುಗಿಸಿ, ನಿಲ್ಲುವುದು.

"ಯಾರಿದು?"

"ಗೊತ್ತಾಗ್ತಿಲ್ಲ ಮೇಡಂ. ಕೊಡೆ ಅಡ್ಡ ಇದೆ."

ಅವನ ಬಾಯಿ ಹಾಗೆಂದಿತು. ಮೀಸೆ ಬೇರೆಯೇ ಹೇಳಿತು. ಅಂದು ಎರಡಕ್ಕೂ ಮೂರಕ್ಕೂ ಜೀಪು ಮನೆಯ ಮುಂದೆಯೇ ನಿಂತಿತ್ತು, ಯಾರೂ ಬೀಗ ಎಳೆಯಲಿಲ್ಲ.

ಸಂಜೆ ಐದಕ್ಕೆ ಡಿವೈಎಸ್ಪಿ ಸಾಹೇಬರ ಫೋನು. "ಏನ್ರೀ, ನಮ್ಮೋರ ಮೇಲೇ ಎಫ್‌ಐಆರ್ ಅಂತೆ? ಗುರುವಾರ ವಿಚಾರಣೆ ಇಟ್ಕೊಂಡು? ಯಾರು ಅಂತ ಗೊತ್ತಾದ್ರೆ ಸದ್ದಿಲ್ದೆ ಬೇರೆ ಠಾಣೆಗೆ ಎತ್ತಾಕಿ. ಮುಗೀತು."

"ಆರೋಪಿ ನಮ್ಮೋರು ಅಂತ ನಾನು ಯಾರಿಗೂ ಹೇಳಿಲ್ಲವಲ್ಲ, ಸರ್."

ಆ ಕಡೆಯಿಂದ ಫೋನು ಇಟ್ಟ ಸದ್ದು. ಮೇಡಂ ಕೋಣೆಯಿಂದ ಹೊರಗೆ ನೋಡಿದರು. ನಾಲ್ಕೈದು ಜನ ತಗ್ಗಿದ ತಲೆಯಲ್ಲಿ ಬರೆಯುತ್ತಿದ್ದರು. ಇವರಲ್ಲಿ ಯಾರೋ ಒಬ್ಬರು ಸುದ್ದಿ ಮುಟ್ಟಿಸಿದ್ದರು. ಎರಡು ತಿಂಗಳಿಂದ ಇವರ ನಡುವೆ ಕೂತು ಚಹಾ ಕುಡಿದಿದ್ದೇನಲ್ಲ ಎಂದು ನೆನೆದು ಅವರಿಗೆ ನಿಜವಾಗಿಯೂ ಭಯವಾಯಿತು. ಆ ಸಂಜೆ ಬಂದ ಚಹಾ ಹಾಗೆಯೇ ಆರಿತು. ಹೊಲಿಗೆಯಮ್ಮನ ಮನೆಗೆ ಕಾವಲು ಹಾಕಬೇಕಿತ್ತು, ಯಾರನ್ನು ಹಾಕುವುದು? ಕೊನೆಗೆ ಪಕ್ಕದ ನರ್ಸಮ್ಮನನ್ನೇ ಕೇಳಿಕೊಂಡರು.

ಮಂಗಳವಾರ ಬೆಳಿಗ್ಗೆ ದಫೇದಾರ ಬಂದವನು, "ಸ್ವಲ್ಪ ಈ ಕಡೆ ಬನ್ನಿ ಮೇಡಂ," ಎಂದು ಮನಃಶಾಂತಿ ಕೊಠಡಿಯ ಬಾಗಿಲು ತೆಗೆದ.

ಈ ಕೊಠಡಿಯ ಕತೆಯನ್ನು ಹೇಳಲೇಬೇಕು. ಹುಡುಗ ಸತ್ತ ಮೇಲೆ, ಸಿಬ್ಬಂದಿಯ ಮನಸ್ಸಿನ ಆರೋಗ್ಯಕ್ಕೆ ಪ್ರತಿ ಠಾಣೆಯೂ ಒಂದು ಕೋಣೆ ಮೀಸಲಿಡಬೇಕೆಂದು ಮೇಲಿನಿಂದ ಆದೇಶ ಬಂತು. ಠಾಣೆಯವರು ಕೂಡಲೇ ಬೋರ್ಡು ಬರೆಸಿದರು. ಒಳಗೆ ಜಪ್ತಿ ಮಾಡಿದ ಸೈಕಲ್ಲುಗಳಿದ್ದವು, ಅವು ಹಾಗೆಯೇ ಉಳಿದವು. ಆಪ್ತ ಸಮಾಲೋಚಕರು ಒಮ್ಮೆ ಬಂದರು, ಕೂರಲು ಜಾಗವಿಲ್ಲದೆ ಹೊರಗೆ ನಿಂತು ಚಹಾ ಕುಡಿದು ಹೋದರು. ಶಾಂತಿಯೇನೋ ಇತ್ತು, ಸೈಕಲ್ಲುಗಳಿಗೆ.

"ಅವನು ಗಡಿಯಾರ, ಮೇಡಂ," ಎಂದ ದಫೇದಾರ.

ಗಡಿಯಾರ ಎಂಬುದು ಒಬ್ಬ ಕಾನ್‌ಸ್ಟೇಬಲ್‌ಗೆ ಠಾಣೆ ಇಟ್ಟ ಹೆಸರು. ಪಾರಾಕ್ಕೆ ನಿಂತರೆ ಗಂಟೆಗೊಮ್ಮೆ ತಪ್ಪದೆ ಲಾಕಪ್ಪಿನ ಬೀಗ ಎಳೆದು ನೋಡುತ್ತಿದ್ದ. ಉಳಿದವರು ಅವನ ಟಣ್ ಟಣ್ ಕೇಳಿ ಚಹಾ ತರಿಸುತ್ತಿದ್ದರು.

"ಆ ದಿನ ಪಾರಾ ಅವನದೇನಾ?"

"ಅವನದೇ. ಆಮೇಲೆ ರಾತ್ರಿ ಪಾಳಿಗೆ ಹಾಕಿದ್ರು. ಹಗಲು ನಿದ್ದೆ ಮಾಡಲ್ಲ. ಹೋದ ತಿಂಗಳು ನನ್ನ ಹತ್ರ ಬಂದು, 'ದಫೇದಾರ್ರೇ, ಕಣ್ಣು ಮುಚ್ಚಿದ್ರೆ ಬೀಗ ಕಾಣುತ್ತೆ, ಡಾಕ್ಟರ ಹತ್ರ ಹೋಗ್ಲಾ' ಅಂದ. ಹುಚ್ಚು ಅಂತ ಸರ್ವಿಸ್ ಪುಸ್ತಕದಲ್ಲಿ ಬಿದ್ರೆ ಯಾರೂ ಹೆಣ್ಣು ಕೊಡಲ್ಲ ಕಣೋ ಅಂತ ನಗಾಡಿಬಿಟ್ಟೆ. ನಿನ್ನೆ ಕ್ಯಾಮೆರಾದಲ್ಲಿ ಬೆನ್ನು ನೋಡಿದ ಕೂಡಲೇ ಗೊತ್ತಾಯ್ತು. ಸಾಹೇಬ್ರಿಗೆ ಫೋನ್ ಮಾಡಿದ್ದೂ ನಾನೇ. ಹುಡುಗ ಉಳೀತಾನೆ ಅಂದ್ಕೊಂಡೆ."

ಮೇಡಂ ಬೈಯಲಿಲ್ಲ. ಬೈಯಲು ಹೊತ್ತಿರಲಿಲ್ಲ. "ಈಗ ಡ್ಯೂಟಿ ಎಲ್ಲಿ?"

"ಖಜಾನೆ ಪಾರಾ."

"ಕೈಯಲ್ಲಿ ಏನಿರುತ್ತೆ?"

"ರೈಫಲ್," ಎಂದ ದಫೇದಾರ. ತಾನು ಹೇಳಿದ್ದು ಏನೆಂದು ಆಗ ಅವನಿಗೇ ಹೊಳೆಯಿತು.

ಮೇಡಂ ತಮ್ಮ ಕೋಣೆಗೆ ಓಡಿದರು. ಖಜಾನೆಗೆ ಫೋನು ಹಚ್ಚಿದರು. ಆರು ಗಂಟೆಗೆ ರೈಫಲ್ ಒಪ್ಪಿಸಿ ಹೋಗಿದ್ದಾನೆ ಎಂದು ಉತ್ತರ ಬಂತು. ಇನ್ನು ಅವನ ಕೈಗೆ ಕೊಡಕೂಡದು ಎಂದು ಆದೇಶಿಸಿದರು. ಅವನ ಕೋಣೆಗೆ ಜನ ಕಳಿಸಿದರು. ಹಾಸಿಗೆ ಮಡಿಸಿದಂತೆಯೇ ಇತ್ತು, ಸೈಕಲ್ ಇರಲಿಲ್ಲ.

ಒಂದೂವರೆಗೆ ಮೇಡಂ ಮತ್ತು ಒಬ್ಬ ಮಹಿಳಾ ಕಾನ್‌ಸ್ಟೇಬಲ್ ಹಿಂಬಾಗಿಲಿಂದ ಹೊಲಿಗೆಯಮ್ಮನ ಮನೆ ಸೇರಿದರು. ದಫೇದಾರ ಜೆರಾಕ್ಸ್ ಅಂಗಡಿಯೊಳಗೆ ಕೂತ. ಸದ್ದು ಕೇಳಬೇಕೆಂದು ಫ್ಯಾನ್ ಆರಿಸಿದ್ದರು. ಸೆಕೆಗೆ ಮೂವರ ಬೆವರೂ ಹರಿಯುತ್ತಿತ್ತು. ಗೋಡೆಯ ಮೇಲೆ ಹುಡುಗನ ಫೋಟೋ ಇತ್ತು, ಅದರ ಕೆಳಗೆ ಅವನ ಸ್ಕ್ರೂಡ್ರೈವರ್‌ಗಳ ಪೆಟ್ಟಿಗೆ.

"ಬೀಗ ಎಳೆದ ಕೂಡಲೇ ನಾನು ಬಾಗಿಲು ತೆಗೀತೀನಿ. ನೀವು ಅಲುಗಾಡಬೇಡಿ, ಮಾತಾಡಬೇಡಿ," ಮೇಡಂ ಹೇಳಿದರು.

"ನಿಮಗೂ ಭಯಾನಾ?" ಎಂದಳು ತಾಯಿ.

"ಹೌದು," ಎಂದರು ಮೇಡಂ.

ಸೈಕಲ್ಲಿನ ಸ್ಟ್ಯಾಂಡು ಇಳಿದ ಸದ್ದು. ಕೊಡೆ ಬಿಚ್ಚಿಕೊಂಡ ಸದ್ದು. ಹೆಜ್ಜೆಗಳು ಅವಸರವಿಲ್ಲದೆ, ಒಂದೇ ಅಳತೆಯಲ್ಲಿ ಬಂದವು. ಬಾಗಿಲಾಚೆ ಬೀಗಕ್ಕೆ ಕೈ ಬಿತ್ತು. ಟಣ್. ಟಣ್.

"ಇದ್ದೀಯಾ?"

ಮೇಡಂ ಚಿಲಕಕ್ಕೆ ಕೈ ಹಾಕುವ ಮೊದಲೇ ತಾಯಿ ಎದ್ದು ನಿಂತಿದ್ದಳು. ಒಂದು ವಾರ ನುಂಗಿಕೊಂಡ ಭಯವೆಲ್ಲ ಒಮ್ಮೆಲೇ ಗಂಟಲಿಗೆ ಬಂದು ಆಕೆ ಕೂಗಿದಳು: "ಇದ್ದೀನಿ! ಇದ್ದೀನಪ್ಪಾ, ಇನ್ನೂ ಸತ್ತಿಲ್ಲ! ಏನ್ ಮಾಡ್ತೀಯೋ ಮಾಡು!"

ಹೊರಗೆ ಕೊಡೆ ಬಿತ್ತು. ಬಾಗಿಲು ತೆಗೆದಾಗ ಅವನು ಗ್ರಿಲ್ಲು ಹಿಡಿದುಕೊಂಡು ಕುಸಿದು ಕೂತಿದ್ದ. ಗಡ್ಡ ನೀಟಾಗಿ ಹೆರೆದಿತ್ತು, ಕೂದಲು ಬಾಚಿತ್ತು, ಕಣ್ಣು ಮಾತ್ರ ಎಷ್ಟೋ ದಿನದಿಂದ ಮುಚ್ಚಿರದ ಕಣ್ಣು. ದಫೇದಾರ ಓಡಿ ಬಂದು ಭುಜ ಹಿಡಿದರೂ ಅವನಿಗೆ ಅರಿವಿರಲಿಲ್ಲ.

"ಇದ್ದಾನಂತೆ," ಎಂದ ಅವನು, ಒಳಗಿನ ಕತ್ತಲನ್ನೇ ನೋಡುತ್ತಾ. "ದಫೇದಾರ್ರೇ, ಇದ್ದಾನಂತೆ."

ಎರಡೂ ಹತ್ತಕ್ಕೆ ದಸ್ತಗಿರಿ. ಜೇಬಿನಲ್ಲಿ ಬಾಚಣಿಗೆ, ಸೈಕಲ್ಲಿನ ಕೀಲಿ, ಆಯುಧವಿಲ್ಲ. ಡಿವೈಎಸ್ಪಿ ಸಾಹೇಬರ ಫೋನು ಎರಡು ಸಲ ಬಂತು. ಆರೋಪಿಯನ್ನು ವೈದ್ಯರ ಮುಂದೆ ಹಾಜರುಪಡಿಸಿದ್ದೇನೆ, ಹೇಳಿಕೆಯನ್ನು ಪ್ರಾಧಿಕಾರಕ್ಕೆ ಕಳಿಸುತ್ತಿದ್ದೇನೆ ಎಂದು ಮೇಡಂ ಎರಡು ಸಲವೂ ಒಂದೇ ಉತ್ತರ ಕೊಟ್ಟರು. ಮನೋವೈದ್ಯೆ ಒಂದು ತಾಸು ಅವನ ಜೊತೆ ಕೂತು, ಮಾತ್ರೆ ಕೊಟ್ಟು, ನಾಳೆ ನ್ಯಾಯಾಧೀಶರ ಅನುಮತಿ ಪಡೆದು ಆಸ್ಪತ್ರೆಗೆ ಸೇರಿಸಿ, ಅಲ್ಲಿಯವರೆಗೆ ಒಂದು ಕ್ಷಣವೂ ಒಂಟಿಯಾಗಿ ಬಿಡಬೇಡಿ ಎಂದರು.

ಅವನ ಹೇಳಿಕೆ ಉದ್ದವೇನೂ ಇರಲಿಲ್ಲ. ಹುಡುಗ ಠಾಣೆಗೆ ನಡೆದುಕೊಂಡೇ ಬಂದಿದ್ದ. ಹಿಂದಿನ ಇನ್ಸ್‌ಪೆಕ್ಟರರ ಕೋಣೆಯಿಂದ ಹೊರಬರುವಾಗ ನಡೆಯಲಾರದೆ ಬಂದ. ಬರುವಾಗಲೇ ಪೆಟ್ಟಾಗಿತ್ತು ಎಂದು ಹೇಳಬೇಕೆಂದು ಇವನಿಗೆ ಮೇಲಿನವರ ಅಪ್ಪಣೆಯಾಗಿತ್ತು. ಹೇಳಿದ. ಅಲ್ಲಿಂದ ನಿದ್ದೆ ಹೋಯಿತು.

ಸಂಜೆ ಹೇಳಿಕೆಗೆ ಸಹಿ ಹಾಕಲು ಹೊಲಿಗೆಯಮ್ಮ ಬಂದಳು. ಈ ಸಲ ಮೆಟ್ಟಿಲು ಹತ್ತಿದಳು. ಯಾರೂ ಕರೆಯದೆ ಲಾಕಪ್ಪಿನ ಮುಂದೆ ಹೋಗಿ ನಿಂತಳು. ಮೇಡಂ ತಡೆಯಲು ಹೋಗಿ, ಸುಮ್ಮನಾದರು.

"ಕಡೇದಾಗಿ ಏನಂದ ನನ್ನ ಮಗ?"

"ಎರಡು ಗಂಟೆಗೆ ಬೀಗ ನೋಡೋಕೆ ಹೋದೆ. 'ಅಣ್ಣಾ, ಭಯ ಆಗ್ತಿದೆ, ಸ್ವಲ್ಪ ಹೊತ್ತು ಇಲ್ಲೇ ಇರು' ಅಂದ."

"ಇದ್ಯಾ?"

"ಇಲ್ಲಮ್ಮ. ಬೀಗ ಸರಿಯಾಗಿತ್ತು. ಮೂರಕ್ಕೂ ಬೀಗ ಸರಿಯಾಗಿತ್ತು. ನಿದ್ದೆ ಮಾಡ್ತಿದ್ದಾನೆ ಅಂದ್ಕೊಂಡೆ. ಕರೆದು ಕೇಳಲಿಲ್ಲ."

ತಾಯಿ ಸರಳು ಹಿಡಿದುಕೊಂಡು ಅತ್ತಳು. ಅವನನ್ನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕಣ್ಣೊರೆಸಿಕೊಂಡ ಮೇಲೆ ಕೇಳಿದಳು: "ಇದನ್ನ ಅಲ್ಲಿ ಬಂದು ಹೇಳ್ತೀಯಾ?"

"ಹೇಳ್ತೀನಿ."

"ಹಾಗಾದ್ರೆ ನಾನೂ ಗುರುವಾರ ಬರ್ತೀನಿ."

ದಫೇದಾರ ಮೆಲ್ಲಗೆ ಬಾಯಿ ಹಾಕಿದ. "ಅಮ್ಮ, ನಿನ್ನೆಯ ದೂರು... ಪಾಪ, ಹುಡುಗ ಬೇಕಂತ ಮಾಡಿಲ್ಲ."

"ಅದು ಇರ್ಲಿ. ಹೆದರಿಸಿದ್ದು ಹೆದರಿಸಿದ್ದೇ," ಎಂದು ಆಕೆ ಮಗಳ ಕೈ ಹಿಡಿದು ಮೆಟ್ಟಿಲಿಳಿದಳು.

ಮನಃಶಾಂತಿ ಕೊಠಡಿಯಿಂದ ಸೈಕಲ್ಲುಗಳನ್ನು ಹೊರಗೆ ಹಾಕಿ ಎಂದು ಮೇಡಂ ಆಗಲೇ ಅಪ್ಪಣೆ ಮಾಡಿದರು. ಅಂಗಳದಲ್ಲಿ ಅವುಗಳ ಗಲಾಟೆ ನಡೆಯುತ್ತಿರುವಾಗ ಒಳಗೆ ದಫೇದಾರ ಊಟದ ತಟ್ಟೆ ಕೊಟ್ಟು ಲಾಕಪ್ಪಿಗೆ ಬೀಗ ಹಾಕಿದ. ಅಭ್ಯಾಸದ ಕೈ ಬೀಗವನ್ನು ಒಮ್ಮೆ ಎಳೆಯಿತು. ಒಳಗಿದ್ದವನು ಬೆಚ್ಚಿಬಿದ್ದ. ದಫೇದಾರ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಗೋಡೆಯ ಬದಿಯ ಸ್ಟೂಲನ್ನು ಎಳೆದು ತಂದು, ಸರಳುಗಳಿಗೆ ಮುಖ ಮಾಡಿ ಕೂತ. ಆ ಠಾಣೆಯಲ್ಲಿ ಪಾರಾದವರು ಯಾರೂ ಆ ಕಡೆಗೆ ಮುಖ ಮಾಡಿ ಕೂತಿರಲಿಲ್ಲ.

ದೀಪ ಹಾಕಿದ ಮೇಲೆ ಒಳಗಿನಿಂದ ದನಿ ಬಂತು. "ದಫೇದಾರ್ರೇ, ಇದ್ದೀರಾ?"

"ಇದ್ದೀನಿ ಕಣೋ. ಊಟ ಮಾಡು."