ಗೋಲಿನ ಹಿಂದಿನ ಜಾಗ

"ಸಕ್ಲೇನ್‌ನ ಕೊಟ್ಬಿಡೋಣ."

ಪ್ಲೈವುಡ್ ಗೋಡೆಯ ಆಚೆಯಿಂದ ಈ ಮಾತು ಬಂದಾಗ ಸಕ್ಲೇನ್ ಸ್ಟೂಲಿನ ಮೇಲೆ ಕೂತು ತನ್ನ ಗ್ಲೌಸಿನ ಹೊಸ ಹೊಲಿಗೆಯನ್ನು ಎಳೆದು ನೋಡುತ್ತಿದ್ದ. ಬೇರೆ ಯಾರಾದರೂ ಹೀಗೆ ಅಂದಿದ್ದರೆ ನಕ್ಕು ಸುಮ್ಮನಾಗುತ್ತಿದ್ದನೇನೋ. ಅಂದವಳು ಇಕ್ರಾ. ಅವನ ಕೈ ಅಲ್ಲೇ ನಿಂತಿತು.

ತಪ್ಪು ಅವನದೂ ಇತ್ತು ಅನ್ನಿ. ಆ ಸಂಜೆ ಅವನು ಅಲ್ಲಿರಬಾರದಿತ್ತು. ಅದು ಶಿವಾಜಿನಗರದ ಗಲ್ಲಿಯೊಂದರಲ್ಲಿ ಇಕ್ರಾಳ ಅಪ್ಪ ಚಾಂದ್ ಪಾಷಾ ನಡೆಸುವ ಅಂಗಡಿ. ಹಾಕಿ ಸ್ಟಿಕ್ಕಿಗೆ ಗ್ರಿಪ್ ಸುತ್ತುವುದು, ಹರಿದ ಪ್ಯಾಡು ಹೊಲಿಯುವುದು ಅವರ ಕೆಲಸ. ಪ್ರತಿ ವರ್ಷ ಕಂಟೋನ್ಮೆಂಟ್ ಲೀಗಿನ ಡ್ರಾಫ್ಟಿಗೆ ಮುಂಚಿನ ಭಾನುವಾರ ಹಲಸೂರು ಟೀಮಿನ ಅಭಿಮಾನಿಗಳೆಲ್ಲ ಅಲ್ಲಿ ಸೇರಿ, ಯಾರನ್ನು ತರಬೇಕು ಯಾರನ್ನು ಬಿಡಬೇಕು ಎಂದು ಚಹಾ ಕುಡಿಯುತ್ತಾ ಕಿತ್ತಾಡುತ್ತಾರೆ. ಅವತ್ತು ಆಟಗಾರರು ಆ ಗಲ್ಲಿಗೆ ಕಾಲಿಡುವಂತಿಲ್ಲ. ಮುಖ ನೋಡಿದರೆ ಮುಲಾಜು ಹುಟ್ಟುತ್ತದೆ, ಮುಲಾಜಿನಲ್ಲಿ ಟೀಮು ಕಟ್ಟಲಾದೀತೇ ಎಂಬುದು ಹಿರಿಯರ ವಾದ. ಗ್ಲೌಸ್ ತೆಗೆದುಕೊಂಡು ಹೋಗೋಣವೆಂದು ಹಿಂಬಾಗಿಲಿನಿಂದ ಬಂದಿದ್ದ ಟೀಮಿನ ಗೋಲ್‌ಕೀಪರ್ ಸಕ್ಲೇನ್, ಇಕ್ರಾಳ ದನಿ ಕೇಳಿಸಿತೆಂದು ಒಂದು ಕ್ಷಣ ಕೂತ. ಆ ಒಂದು ಕ್ಷಣ ಅರ್ಧ ಗಂಟೆಯಾಗಿತ್ತು.

ಡ್ರಾಫ್ಟಿನ ನಿಯಮ ಸರಳ. ಕಳೆದ ಸಲ ಕೊನೆಗೆ ಬಂದ ಟೀಮಿಗೆ ಹೊಸ ಹುಡುಗರಲ್ಲಿ ಮೊದಲು ಆರಿಸುವ ಹಕ್ಕು. ಆಮೇಲೆ ಉಳಿದವರ ಸರದಿ. ಈ ಸಲ ಮೊದಲ ಸರದಿ ಗರುಡಾಚಾರ್‌ಪಾಳ್ಯದ ಫ್ಯಾಕ್ಟರಿ ಟೀಮಿನದು. ಎಲ್ಲರ ಕಣ್ಣೂ ಕೆ.ಆರ್. ಪುರದ ಸೂರ್ಯನ ಮೇಲೆ. ಪೆನಾಲ್ಟಿ ಕಾರ್ನರಿನಲ್ಲಿ ಅವನು ಹೊಡೆದ ಚೆಂಡು ಗೋಲಿನೊಳಗಿನ ಹಲಗೆಗೆ ಬಡಿದು ಸದ್ದಾದ ಮೇಲೇ ಕೀಪರಿನ ಕಾಲು ಏಳುತ್ತದೆ ಎಂದು ಊರೆಲ್ಲ ಹೇಳುತ್ತಿತ್ತು. ಹಲಸೂರಿನ ಸರದಿ ಬರುವ ಹೊತ್ತಿಗೆ ಅವನು ಉಳಿದಿರುವುದಿಲ್ಲ. ಅವನೇ ಬೇಕೆಂದರೆ ಫ್ಯಾಕ್ಟರಿಯವರಿಗೆ ಏನಾದರೂ ಕೊಟ್ಟು ಸರದಿ ಬದಲಿಸಿಕೊಂಡು ಮೇಲಕ್ಕೇರಬೇಕು. ಏನು ಕೊಡುವುದು ಎಂಬಲ್ಲಿಗೆ ಮಾತು ಬಂದಾಗ ಇಕ್ರಾ ಬಾಯಿ ತೆರೆದಿದ್ದಳು.

"ಸಕ್ಲೇನ್ ಹೋದ್ರೆ ಗೋಲಲ್ಲಿ ಯಾರೇ ನಿಲ್ತಾರೆ? ನೀನಾ?" ಎಂದಳು ಭವ್ಯ. ಜೋಗುಪಾಳ್ಯದ ಹುಡುಗಿ, ಗ್ಯಾಲರಿಯಲ್ಲಿ ತಮಟೆ ಬಡಿಯುವವಳು, ಇಕ್ರಾಳ ಜೀವದ ಗೆಳತಿ.

"ರಿಸರ್ವ್ ಕೀಪರ್ ಇದಾನಲ್ಲ, ಕಲೀತಾನೆ ಬಿಡು. ಫ್ಯಾಕ್ಟರಿಯವ್ರು ಕೊನೆಗೆ ಬಂದಿದ್ದು ಯಾಕೆ? ಒಳ್ಳೆ ಕೀಪರ್ ಇಲ್ದೆ. ಅವ್ರಿಗೆ ಬೇಕಾಗಿರೋದು ನಮ್ಮತ್ರ ಇದೆ, ನಮಗೆ ಬೇಕಾಗಿರೋದು ಅವ್ರತ್ರ ಇದೆ. ಇದ್ರಲ್ಲಿ ಯೋಚ್ನೆ ಮಾಡೋಕೇನಿದೆ?"

ಇಕ್ರಾ ಫ್ರೇಜರ್ ಟೌನ್‌ನ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಾಳೆ. ಅವಳು ಹೀಗೆ ಬಿಡಿಸಿಟ್ಟ ಮೇಲೆ ಎದುರು ಮಾತಾಡುವುದು ಕಷ್ಟ.

"ಟೀಚರಮ್ಮ ಹೇಳೋದು ಲೆಕ್ಕಕ್ಕೆ ಸರಿಯಾಗೈತೆ," ಎಂದರು ಕ್ಲಬ್ಬಿನ ಅಧ್ಯಕ್ಷ ಮುನಿಶಾಮಿ. "ಮನ್ಸಿಗೇ ಒಂಚೂರು ಕಷ್ಟ."

"ಮನಸ್ಸನ್ನ ಪಕ್ಕಕ್ಕಿಡಿ ಸರ್," ಎಂದಳು ಇಕ್ರಾ. ಆಮೇಲೆ ಯಾರನ್ನೋ ನೀರು ಕೇಳಿದಳು.

ಸಕ್ಲೇನ್ ಎದ್ದು ಹಿಂಬಾಗಿಲಿನಿಂದ ಹೊರಟ. ಮಸೀದಿ ರಸ್ತೆ ದಾಟುವಾಗ ನೋಡಿಕೊಂಡರೆ ಕೈಯಲ್ಲಿ ಒಂದೇ ಗ್ಲೌಸ್. ಇನ್ನೊಂದನ್ನು ತರಲು ವಾಪಸು ಹೋಗುವ ಮನಸ್ಸಾಗಲಿಲ್ಲ.

ಅವರಿಬ್ಬರ ನಡುವೆ ಏನಿತ್ತು ಎಂದು ಕೇಳಿದರೆ ಇಬ್ಬರೂ ಏನಿಲ್ಲ ಅನ್ನುತ್ತಿದ್ದರು. ಆದರೆ ಹಲಸೂರಿನ ಮೈದಾನಕ್ಕೆ ಬರುವವರಿಗೆಲ್ಲ ಒಂದು ಸಂಗತಿ ಗೊತ್ತಿತ್ತು. ಇಕ್ರಾ ಕೂರುತ್ತಿದ್ದುದು ಗ್ಯಾಲರಿಯಲ್ಲಲ್ಲ, ಸಕ್ಲೇನ್ ಕಾಯುವ ಗೋಲಿನ ಹಿಂದೆ. ಅರ್ಧ ಆಟ ಮುಗಿದು ಎರಡು ಟೀಮುಗಳೂ ತುದಿ ಬದಲಿಸಿದಾಗ ಅವಳೂ ಎದ್ದು, ಚಿಪ್ಸ್ ಪೊಟ್ಟಣ ಹಿಡಿದು, ದುಪಟ್ಟಾ ಸರಿಮಾಡಿಕೊಳ್ಳುತ್ತಾ ಮೈದಾನದ ಈ ತುದಿಯಿಂದ ಆ ತುದಿಗೆ ನಡೆದು ಬರುತ್ತಿದ್ದಳು. ಆ ನಡಿಗೆಯನ್ನು ಸಕ್ಲೇನ್ ಹೆಲ್ಮೆಟ್ಟಿನ ಸರಳುಗಳ ಹಿಂದಿನಿಂದ ಕಾಯುತ್ತಿದ್ದ. ಯಾರಿಗೂ ತನ್ನ ಕಣ್ಣು ಕಾಣದು ಎಂಬ ಧೈರ್ಯ ಅವನಿಗೆ.

"ರೀ ಕೀಪರ್, ಎಡಗಡೆ ಖಾಲಿ ಬಿಟ್ಟಿದೀರ!"

"ಬೇಕಂತ ಬಿಟ್ಟಿದೀನಿ ಟೀಚರ್. ಹೊಡೀಲಿ ಅಂತ."

"ಹೊಡೆದ್ರೆ?"

"ಹಿಡೀತೀನಿ. ಹಿಡಿದ್ರೆ ಒಂದು ಚಿಪ್ಸ್ ಕೊಡ್ಬೇಕು."

ಇಷ್ಟೇ ಮಾತು. ಇಬ್ಬರ ಮನೆಯಲ್ಲೂ ದಖ್ನಿ ಉರ್ದು. ಆದರೂ ಮೈದಾನದ ಗದ್ದಲದಲ್ಲಿ ಶುರುವಾದ ಪರಿಚಯ ಕನ್ನಡದಲ್ಲೇ ನಿಂತುಬಿಟ್ಟಿತ್ತು. ದಖ್ನಿಯಲ್ಲಿ ಮಾತಾಡಿದರೆ ಅದು ಮನೆಯವರ ಮಾತಾಗಿಬಿಡುತ್ತದೆ. ಆ ಹೊಸಿಲು ದಾಟುವ ಧೈರ್ಯ ಅವನಿಗೂ ಇರಲಿಲ್ಲ, ಅವಳಿಗೂ ಇರಲಿಲ್ಲ.

ಮಾರನೆಯ ದಿನ ಮುನಿಶಾಮಿಯವರ ಫೋನು ಬಂತು. ಅಡ್ಡಗೋಡೆಯ ಮೇಲೆ ದೀಪ ಇಡುವ ಜಾಯಮಾನ ಅವರದಲ್ಲ.

"ನೋಡಪ್ಪ, ನೇರವಾಗಿ ಹೇಳ್ಬಿಡ್ತೀನಿ. ಫ್ಯಾಕ್ಟರಿಯವ್ರು ನಿನ್ನ ಕೇಳ್ತಾವ್ರೆ. ನೀನು ಹೂಂ ಅಂದ್ರೆ ಮಾತ್ರ ಮಾತುಕತೆ. ಅಲ್ಲಿ ಆಟ ಆಡೋರಿಗೆ ಸ್ಟೋರ್ಸಲ್ಲಿ ಪರ್ಮನೆಂಟ್ ಕೆಲಸ ಕೊಡ್ತಾರೆ. ಡ್ರಾಫ್ಟಿಗೆ ಮುಂಚೆ ಹೇಳು. ನೀನು ಬ್ಯಾಡ ಅಂದ್ರೆ ನಾನಂತೂ ಒತ್ತಾಯ ಮಾಡಾಕಿಲ್ಲ."

ಸಕ್ಲೇನ್ ಅಣ್ಣ ಫಹೀಮನ ಪರದೆ ಬಟ್ಟೆ ಅಂಗಡಿಯಲ್ಲಿ ಕೂರುತ್ತಿದ್ದ. ಸಂಬಳ ಅಂತ ಇರಲಿಲ್ಲ. ಖರ್ಚಿಗೆ ಬೇಕಾದಾಗ ಅಣ್ಣ ಕೊಡುತ್ತಿದ್ದ. ಸುದ್ದಿ ಕೇಳಿ ಫಹೀಮ್ ಗಿರಾಕಿಗಳೆದುರೇ ತಮ್ಮನನ್ನು ತಬ್ಬಿಕೊಂಡ. ಸಕ್ಲೇನ್‌ಗೆ ಮಾತ್ರ ಸಂತೋಷ ಹತ್ತಿರ ಸುಳಿಯಲಿಲ್ಲ. ಹೂಂ ಅಂದರೆ ಇಕ್ರಾ ಬಿಸಾಡಿದ ಕಡೆ ತಾನೇ ಹೋಗಿ ಬಿದ್ದಂತೆ. ಬೇಡ ಅಂದರೆ, ತನ್ನನ್ನು ಬೇಡವೆಂದವಳ ಕಣ್ಣೆದುರೇ ಹಲಸೂರಿನ ಹಸಿರು ಜೆರ್ಸಿ ಹಾಕಿ ನಿಲ್ಲಬೇಕು. ಎರಡರಲ್ಲಿ ಯಾವುದು ಹೆಚ್ಚು ಸುಡುತ್ತದೆ ಎಂದು ಅವನಿಗೆ ತಿಳಿಯಲಿಲ್ಲ.

ಮರುದಿನ ಶಾಲೆ ಬಿಟ್ಟ ಹೊತ್ತಿಗೆ ಇಕ್ರಾ ಪರದೆ ಅಂಗಡಿಯ ಮೆಟ್ಟಿಲು ಹತ್ತಿದಳು. ಫಹೀಮ್ ನಮಾಜಿಗೆ ಹೋಗಿದ್ದ. ಅವಳು ಸಕ್ಲೇನ್ ಕಡೆ ನೋಡದೆ, ನಿಜವಾದ ಗಿರಾಕಿಯ ಹಾಗೆ ತೂಗುಹಾಕಿದ್ದ ಪರದೆಗಳನ್ನು ಒಂದೊಂದಾಗಿ ಸರಿಸಿ ನೋಡಿದಳು. ನೀಲಿ ಪರದೆಯೊಂದರ ಅಂಚಿನಿಂದ ಅರ್ಧ ಮುಖ ಕಾಣಿಸಿತು. ಒಂದು ಕಣ್ಣು, ಒಂದು ಕಿವಿಯ ಜುಮ್ಕಿ.

"ಇದ್ರಲ್ಲಿ ಹಸಿರು ಇದೆಯಾ?"

"ಹಸಿರು ಖಾಲಿ. ಕೊಟ್ಬಿಟ್ವಿ."

ಅವಳ ಮುಖ ಪರದೆಯ ಹಿಂದೆ ಸರಿಯಿತು. ಸ್ವಲ್ಪ ಹೊತ್ತಿನ ಮೇಲೆ ಒಂದು ಕೈ ಮಾತ್ರ ಈಚೆ ಬಂತು. ಅದರಲ್ಲಿ ಅವನ ಗ್ಲೌಸ್.

"ಇದು ಅಪ್ಪನ ಸ್ಟೂಲಿನ ಹತ್ರ ಸಿಕ್ತು. ವಾಸನೆ ನೋಡೇ ಯಾರದು ಅಂತ ಗೊತ್ತಾಯ್ತು. ಎಷ್ಟು ಹೊತ್ತು ಕೂತಿದ್ರಿ ಅಲ್ಲಿ?"

"ಸಾಕಾಗೋ ಅಷ್ಟು."

"ಎಲ್ಲಾ ಕೇಳಿಸ್ಕೊಂಡ್ರಾ?"

"ಮನಸ್ಸನ್ನ ಪಕ್ಕಕ್ಕಿಡಿ ಅನ್ನೋವರೆಗೂ."

ಇಕ್ರಾ ಪರದೆ ಬಿಟ್ಟು ಮುಂದೆ ಬಂದಳು. ತರಗತಿಯಲ್ಲಿ ಮಕ್ಕಳನ್ನು ಹೆದರಿಸುವ ಆ ಮುಖ ಅವತ್ತು ಬಾಡಿತ್ತು. "ಅಮ್ಮ ನನಗೆ ಗಂಡು ನೋಡ್ತಿದಾರೆ. ಹೋದ ವಾರ, ಬೇರೆ ಯಾರನ್ನೂ ಕರೀಬೇಡಿ, ಒಬ್ರಿದಾರೆ ಅಂದೆ. ಏನ್ ಕೆಲಸ ಅಂತ ಕೇಳಿದ್ರು. ಗೋಲ್ ಕಾಯ್ತಾರೆ ಅಂದೆ. ಅದೂ ಒಂದು ಕೆಲಸನಾ, ಕಾಯೋಕೆ ಅದೇನು ಮೇಕೆನಾ ಅಂದ್ರು."

ಸಕ್ಲೇನ್‌ಗೆ ನಗು ಬಂತು. ಅದು ತುಟಿಗೆ ಬರುವ ಮೊದಲೇ ಮಾತಿನ ಪೂರ್ತಿ ಅರ್ಥ ಎದೆಗಿಳಿಯಿತು. "ಅಮ್ಮನಿಗೆ ಹೇಳಿದ್ರಾ? ನನಗೆ ಹೇಳೋಕೂ ಮೊದ್ಲು?"

"ನಿಮಗೇನು ಹೇಳೋದು? ಗೊತ್ತಿರ್ಲಿಲ್ವಾ? ನಾಲ್ಕು ಸೀಸನ್ ಆ ಬಿಸಿಲಲ್ಲಿ ಅತ್ಲಿಂದಿತ್ಲಿಗೆ ನಡೆದಿದ್ದು ಚಿಪ್ಸ್ ಅರಗೋಕಾ?" ಅವಳ ಕಣ್ಣಲ್ಲಿ ನೀರಾಡಿತು. "ಫ್ಯಾಕ್ಟರಿ ಟೀಮಿಗೆ ಹೋದ್ರೆ ಕೆಲಸ ಸಿಗತ್ತೆ ಅಂತ ಗೊತ್ತಿತ್ತು. ಅಮ್ಮನಿಗೆ ಹೇಳೋಕೆ ಒಂದು ಉತ್ತರ ಆಗತ್ತೆ ಅಂತ. ಅದಕ್ಕೇ ಹಾಗಂದೆ. ಅಂದಮೇಲೆ ಗಂಟಲು ಒಣಗಿ ಎರಡು ಲೋಟ ನೀರು ಕುಡಿದೆ."

ಇಷ್ಟು ದಿನ ಕೇಳಬೇಕೆಂದು ಹಂಬಲಿಸಿದ್ದ ಮಾತು ಇದೇ. ಆದರೂ ಅವನೊಳಗೆ ಏನೋ ಒಂದು ಚುಚ್ಚುತ್ತಲೇ ಇತ್ತು.

"ಇಕ್ರಾ," ಎಂದ. ಟೀಚರ್ ಅನ್ನದೆ ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ನನ್ನ ಬಗ್ಗೆ ಅಷ್ಟು ಜನರ ಮುಂದೆ ನೀನು ಮಾತಾಡ್ದೆ. ನನ್ನ ಒಂದು ಮಾತು ಕೇಳ್ಬೇಕಿತ್ತು."

"ಆಟಗಾರರನ್ನ ಯಾರು ಕೇಳ್ತಾರೆ?"

"ಕ್ಲಬ್ಬು ಕೇಳದೇ ಇರ್ಬೋದು. ನೀನು ಕೇಳ್ಬೇಕಿತ್ತು."

ಹೊರಗೆ ಆಟೋಗಳ ಹಾರ್ನ್, ಎದುರಿನ ಬೇಕರಿಯಿಂದ ಬಿಸಿ ಬನ್ನಿನ ವಾಸನೆ. ಗಣಿತದ ಟೀಚರು ತನ್ನ ಲೆಕ್ಕವನ್ನು ಮೊದಲಿನಿಂದ ತಿರುಗಿ ನೋಡುತ್ತಿದ್ದಂತಿತ್ತು.

"ಹೌದು," ಎಂದಳು ಕೊನೆಗೆ. "ಕೇಳ್ಬೇಕಿತ್ತು. ಕೇಳಿದ್ರೆ ಹಸಿರು ಜೆರ್ಸಿ ಬಿಡಲ್ಲ ಅಂತೀರಾ ಅಂತ ಭಯ ಆಯ್ತು. ಭಯಕ್ಕೆ ಲೆಕ್ಕದ ಬಟ್ಟೆ ತೊಡಿಸ್ದೆ." ದುಪಟ್ಟಾದಿಂದ ಕಣ್ಣೊರೆಸಿಕೊಂಡಳು. "ಈಗ ಕೇಳ್ತೀನಿ. ಹೋಗ್ತೀರಾ? ಹೋಗಲ್ಲ ಅಂದ್ರೂ ನಾನು ಗೋಲಿನ ಹಿಂದೇನೇ ಕೂತಿರ್ತೀನಿ. ಅಮ್ಮನ ಹತ್ರ ಜಗಳ ಆಡೋದು ನನ್ನ ಪಾಲಿಗಿರ್ಲಿ."

ಅವನು ಬಾಯಿ ತೆರೆಯುವಷ್ಟರಲ್ಲಿ ಫಹೀಮ್ ಮೆಟ್ಟಿಲು ಹತ್ತಿ ಬಂದ. ಇಕ್ರಾ ನೀಲಿ ಪರದೆ ಚೆನ್ನಾಗಿದೆ, ಅಮ್ಮನನ್ನು ಕೇಳಿ ಹೇಳುತ್ತೇನೆ ಎಂದು ಹೊರಟುಹೋದಳು. ಗ್ಲೌಸ್ ಗಲ್ಲಾದ ಮೇಲಿತ್ತು.

ಆ ರಾತ್ರಿಯೆಲ್ಲ ಅವನು ಯೋಚಿಸಿದ. ತನ್ನನ್ನು ಯಾರೋ ಕೊಟ್ಟುಬಿಟ್ಟರೆಂಬ ನೋವಿನಲ್ಲಿ, ತನಗೇನು ಬೇಕೆಂದು ತಾನೂ ಕೇಳಿಕೊಂಡಿರಲಿಲ್ಲ. ಅಣ್ಣನ ಕೈ ನೋಡುವುದು ಅವನಿಗೂ ಸಾಕಾಗಿತ್ತು. ಹಸಿರು ಜೆರ್ಸಿ ಎಂದರೆ ಪ್ರಾಣ, ನಿಜ. ಆದರೆ ಅದರ ಹಿಂದೆ ಅವಿತು ಇನ್ನೆಷ್ಟು ದಿನ ಹೆಲ್ಮೆಟ್ಟಿನೊಳಗಿಂದ ನೋಡುತ್ತಾ ನಿಲ್ಲುವುದು? ಮರುದಿನ ಸಂಜೆ ಮುನಿಶಾಮಿಯವರಿಗೆ ಫೋನು ಮಾಡಿದ.

"ಹೂಂ ಸರ್. ಆದ್ರೆ ನೀವು ಕಳ್ಸಿದ್ರಿ ಅಂತ ಅಲ್ಲ. ನಾನೇ ಹೋಗ್ತಿದೀನಿ."

"ಅದೇ ಸರಿ ಕಣಪ್ಪ," ಎಂದರು ಆ ಹಿರಿಯರು.

ಇಕ್ರಾಳಿಗೆ ಅವನು ಫೋನು ಮಾಡಲಿಲ್ಲ. ತನ್ನ ಉತ್ತರ ಅಭಿಮಾನಿಗಳ ಗ್ರೂಪಿನ ಮೆಸೇಜಿಗಿಂತ ಮೊದಲು ಅವಳಿಗೆ ತಲುಪಬೇಕೆಂದು ಚಾಂದ್ ಪಾಷಾ ಅಂಗಡಿಗೆ ಹೋದ, ಈ ಸಲ ಮುಂಬಾಗಿಲಿನಿಂದ. ಅವಳಿರಲಿಲ್ಲ. ಎರಡೂ ಗ್ಲೌಸನ್ನು ಅವಳಪ್ಪನ ಮುಂದಿಟ್ಟು, "ಫ್ಯಾಕ್ಟರಿ ಟೀಮಿನ ನೀಲಿ ಪಟ್ಟಿ ಹಾಕಿಕೊಡಿ ಚಾಚಾ. ಅವರಿಗೂ ಹೇಳ್ಬಿಡಿ," ಎಂದ. ಚಾಂದ್ ಪಾಷಾ ಕನ್ನಡಕದ ಮೇಲಿನಿಂದ ಅವನನ್ನೇ ಬಹಳ ಹೊತ್ತು ನೋಡಿ, ಯಾರಿಗೆ ಎಂದು ಕೇಳದೆ ಸೂಜಿಗೆ ದಾರ ಪೋಣಿಸಿದರು.

ಲೀಗಿನ ಮೊದಲ ಪಂದ್ಯವೇ ಹಲಸೂರಿಗೂ ಫ್ಯಾಕ್ಟರಿಗೂ. ನೀಲಿ ಜೆರ್ಸಿಯಲ್ಲಿ ಗೋಲಿಗೆ ಬಂದು ನಿಂತ ಸಕ್ಲೇನ್ ಮೊದಲು ನೋಡಿದ್ದು ಬೆನ್ನ ಹಿಂದಿನ ಜಾಗವನ್ನು. ಖಾಲಿ. ಕಣ್ಣು ಕಿರಿದು ಮಾಡಿ ನೋಡಿದರೆ, ಮೈದಾನದ ಆ ತುದಿಯಲ್ಲಿ, ಹಲಸೂರಿನ ಗೋಲಿನ ಹಿಂದೆ ಹಸಿರು ದುಪಟ್ಟಾ ಕಾಣಿಸಿತು. ಪಕ್ಕದಲ್ಲಿ ಕೊಡೆ ಹಿಡಿದ ಹೆಂಗಸೊಬ್ಬರು.

ಟೀಮು ಬಿಟ್ಟವನನ್ನು ಅವಳೂ ಬಿಟ್ಟಳೇ? ಆಡುವಾಗೆಲ್ಲ ಇದೇ ಪ್ರಶ್ನೆ ಅವನನ್ನು ಕೊರೆಯಿತು. ಹೇಗೋ ಗೋಲು ಬೀಳಲಿಲ್ಲ.

ಅರ್ಧ ಆಟದ ಶಿಳ್ಳೆಯಾಯಿತು. ಇಕ್ರಾ ಏಳಲಿಲ್ಲ. ಚಿಪ್ಸ್ ಪೊಟ್ಟಣವೂ ಅಲುಗಲಿಲ್ಲ. ಸಕ್ಲೇನ್ ಸ್ವಲ್ಪ ಹೊತ್ತು ನೋಡುತ್ತಾ ನಿಂತ, ಆಮೇಲೆ ಅವನಿಗೆ ಹೊಳೆಯಿತು. ಇನ್ನರ್ಧ ಆಟ ಆ ಗೋಲು ಅವನದೇ. ಈ ಸಲ ನಡೆದು ಹೋಗಬೇಕಾದವನು ಅವನು. ಭಾರದ ಪ್ಯಾಡು ಕಟ್ಟಿಕೊಂಡು ಅಷ್ಟು ಉದ್ದದ ಮೈದಾನವನ್ನು ಅವನು ಹಿಂದೆಂದೂ ಅಷ್ಟು ಹಗುರಾಗಿ ದಾಟಿರಲಿಲ್ಲ.

"ಮೊದಲರ್ಧ ನನ್ನ ಟೀಮಿಗೆ," ಎಂದಳು ಇಕ್ರಾ, ಅವನು ಹತ್ತಿರ ಬಂದಾಗ. "ಇನ್ನರ್ಧ ನಿಮಗೆ."

ಸ್ವಲ್ಪ ಹೊತ್ತಿಗೆ ಹಲಸೂರಿಗೆ ಪೆನಾಲ್ಟಿ ಕಾರ್ನರ್. ಈಗ ಹಲಸೂರಿನವನಾಗಿದ್ದ ಸೂರ್ಯನ ಹೊಡೆತ ಎಡಮೂಲೆಗೆ ಹಾರಿತು. ಸಕ್ಲೇನ್ ಮೈಚೆಲ್ಲಿ ನೀಲಿ ಪಟ್ಟಿಯ ಗ್ಲೌಸಿನಿಂದ ಅದನ್ನು ತಳ್ಳಿದ. ಹಿಂದೆ "ಅಯ್ಯೋ" ಎಂದು ತಲೆಯ ಮೇಲೆ ಕೈ ಹೊತ್ತಳು ಇಕ್ರಾ. ಪಕ್ಕದಲ್ಲಿದ್ದ ಅವಳಮ್ಮ ಕಮರುನ್ನೀಸಾ ಕೊಡೆಯನ್ನು ಕೆಳಗೆ ಹಾಕಿ ಚಪ್ಪಾಳೆ ತಟ್ಟುತ್ತಿದ್ದರು.

ಮೂರನೆಯ ಕ್ವಾರ್ಟರ್ ಮುಗಿದ ವಿರಾಮದಲ್ಲಿ ಅವನು ನೀರಿನ ಬಾಟಲಿಗೆಂದು ಗೋಲಿನ ಹಿಂದಕ್ಕೆ ಬಂದ. ಇಕ್ರಾ ಕಂಬಿಯ ಹತ್ತಿರ ಎದ್ದು ನಿಂತಿದ್ದಳು. ಏನೋ ಹೇಳಲು ಹೊರಟು, ತಡೆದು, ಅಮ್ಮನ ಕಡೆ ಒಮ್ಮೆ ನೋಡಿ ತಿರುಗಿದಳು. ಆಮೇಲೆ ಮೆಲ್ಲಗೆ, ಅವನೊಡನೆ ಮೊದಲ ಬಾರಿಗೆ, ಮನೆಯ ಮಾತಿನಲ್ಲಿ ಕೇಳಿದಳು.

"ಅಮ್ಮಿ ಬುಲಾರೈಂ. ಘರ್ ಕು ಆತೆ ಕ್ಯಾ?"

ಅಮ್ಮ ಕರೆಯುತ್ತಿದ್ದಾರೆ, ಮನೆಗೆ ಬರುತ್ತೀರಾ. ಅಷ್ಟೇ. ಸಕ್ಲೇನ್ ಹೆಲ್ಮೆಟ್ ತೆಗೆದ. ಇಷ್ಟು ವರ್ಷ ಸರಳುಗಳ ಹಿಂದೆ ಬಚ್ಚಿಟ್ಟಿದ್ದ ಮುಖ, ಬೆವರು ನಗು ಸಮೇತ, ಅವಳೆದುರಿಗಿತ್ತು.

"ಆತೂಂ," ಎಂದ.

ಅದಾದ ಮೇಲೆ ಸೂರ್ಯ ಹೊಡೆದ ಎರಡನೆಯ ಕಾರ್ನರ್ ನೇರ ಹಲಗೆಗೆ ಬಡಿಯಿತು. ಗ್ಯಾಲರಿಯಲ್ಲಿ ಭವ್ಯಳ ತಮಟೆ ಮೊಳಗಿತು. ಕೈಯಳತೆಯ ಚೆಂಡು ಹೇಗೆ ಬಿಟ್ಟೆಯೋ ಎಂದು ಫ್ಯಾಕ್ಟರಿಯ ಕೋಚ್ ಆಟ ಮುಗಿದ ಮೇಲೂ ಕೂಗಾಡುತ್ತಿದ್ದರು. ಸಕ್ಲೇನ್ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡು, ಮೊದಲ ಹೊಡೆತ ತಡೆದದ್ದಕ್ಕೆ ಇಕ್ರಾ ಕೊಟ್ಟಿದ್ದ ಚಿಪ್ಸನ್ನು ಬಾಯಲ್ಲೇ ಸದ್ದಾಗದಂತೆ ಅಗಿದ.